ಬೆಟ್ಟದವರು ಕಡಲಿಗಿಳಿದಾಗ

ಇನ್ನೂ 20 ತುಂಬದ ಇವಾನ್ ಶುನಾರ್ಡ್ 1957ರಲ್ಲಿ ಕ್ಯಾಲಿಫೋರ್ನಿಯಾದ ಗುಜರಿಯೊಂದರಿಂದ ಕಲ್ಲಿದ್ದಲ ಕುಲುಮೆ ಕೊಂಡು ತಂದರು. ಜೊತೆಗೆ ಅಡೆಗಲ್ಲು, ಇಕ್ಕಳ, ಸುತ್ತಿಗೆ. ಕಮ್ಮಾರಿಕೆಯನ್ನು ಯಾರ ಬಳಿಯೂ ಹೋಗದೆ ತಾವೇ ಕಲಿತರು. ಬಂಡೆಯ ಬಿರುಕಿಗೆ ಹೊಡೆದು ಹಗ್ಗ ಸಿಕ್ಕಿಸುವ ಉಕ್ಕಿನ ಮೊಳೆಗೆ ಪಿಟಾನ್ ಎನ್ನುತ್ತಾರೆ. ಶುನಾರ್ಡ್ ಮಾಡತೊಡಗಿದ್ದು ಅದನ್ನು. ಮೊದಲ ಮೊಳೆಗಳು ಹುಟ್ಟಿದ್ದು ಹಳೆಯ ಕೊಯ್ಲು ಯಂತ್ರದ ಅಲಗಿನಿಂದ. ಗಂಟೆಗೆ ಎರಡಾದರೆ ಹೆಚ್ಚು, ಒಂದಕ್ಕೆ ಒಂದೂವರೆ ಡಾಲರ್. ಯುರೋಪಿನ ಮೆದು ಕಬ್ಬಿಣದ ಮೊಳೆ 20 ಸೆಂಟಿಗೆ ಸಿಗುತ್ತಿದ್ದ ಕಾಲವದು. ಆದರೆ ಅದನ್ನು ಒಮ್ಮೆ ಹೊಡೆದರೆ ಬಂಡೆಯಲ್ಲೇ ಬಿಟ್ಟು ಹೋಗಬೇಕಿತ್ತು; ಶುನಾರ್ಡರ ಗಟ್ಟಿ ಉಕ್ಕಿನದನ್ನು ಕಿತ್ತು ಮತ್ತೆ ಮತ್ತೆ ಬಳಸಬಹುದಿತ್ತು.

ಈ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಅವರು ಬಿಗ್ ಸರ್‌ನಿಂದ ಸ್ಯಾನ್ ಡಿಯಾಗೊವರೆಗೆ ಕಡಲ ದಂಡೆ ಹಿಡಿದು ಹೋಗುತ್ತಿದ್ದರು. ಅಲೆ ಚೆನ್ನಾಗಿದ್ದ ಕಡೆ ಬೋರ್ಡು ಹಿಡಿದು ನೀರಿಗೆ. ಮೇಲೆ ಬಂದ ಮೇಲೆ ಅಡೆಗಲ್ಲನ್ನು ಮರಳಿನ ತನಕ ಹೊತ್ತು, ಚಾಣವಿಟ್ಟು ಸುತ್ತಿಗೆಯಲ್ಲಿ ಹೊಡೆದು ಮೊಳೆಗಳನ್ನು ಕತ್ತರಿಸುವುದು. ಆಮೇಲೆ ಮುಂದಿನ ಕಿನಾರೆ. ಬೆಟ್ಟ ಹತ್ತುವವರ ಕೈಗೆ ಸೇರಬೇಕಾದ ಉಕ್ಕು ಕಡಲ ಸದ್ದಿನ ನಡುವೆ ರೂಪು ಪಡೆಯುತ್ತಿತ್ತು.

ಬಂಡೆ ಏರುವವರಿಗೆ ಸರ್ಫಿಂಗ್ ಒಳ್ಳೆಯ ಜೊತೆ ಆಟ ಎಂಬ ಮಾತಿಗೆ ಹೆಚ್ಚಾಗಿ ಮುಂದಿಡುವ ಸಾಕ್ಷಿ ಇದೇ ಬದುಕು. ಮಾತು ನಿಜವೇ. ಆದರೆ ಅದಕ್ಕೆ ಕೊಡುವ ಕಾರಣಗಳಲ್ಲಿ ಹೆಚ್ಚಿನವು ಗಟ್ಟಿಯಲ್ಲ. ಗಟ್ಟಿಯಾದ ಒಂದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ.

ಮೊದಲು ಮೈಯ ಲೆಕ್ಕ. ಏರುವವರು ದಿನವಿಡೀ ಎಳೆಯುತ್ತಾರೆ, ಸರ್ಫಿಂಗ್ ತಳ್ಳಿಸುತ್ತದೆ, ಆದ್ದರಿಂದ ಒಂದು ಇನ್ನೊಂದನ್ನು ಸರಿದೂಗಿಸುತ್ತದೆ ಎಂಬುದು ರೂಢಿಯ ವಾದ. ಇದು ಅರ್ಧ ಸತ್ಯ ಮಾತ್ರ. ಸ್ಪರ್ಧೆಯ ಸರ್ಫರ್‌ಗಳ ಸಮಯವನ್ನು ಅಳೆದು ನೋಡಿದವರಿಗೆ ಕಂಡದ್ದೇನೆಂದರೆ, ನೀರಿನಲ್ಲಿ ಕಳೆದ ಹೊತ್ತಿನ ಸುಮಾರು ಅರ್ಧ ತೋಳು ಬೀಸಿ ಪ್ಯಾಡಲ್ ಮಾಡುವುದರಲ್ಲೇ ಹೋಗುತ್ತದೆ. ಅಲೆಯ ಮೇಲೆ ನಿಂತಿರುವ ಹೊತ್ತು ನೂರಕ್ಕೆ ಹತ್ತು ಪಾಲೂ ಇಲ್ಲ. ಪ್ಯಾಡಲ್ ಮಾಡುವಾಗ ದುಡಿಯುವುದು ಬೆನ್ನಿನ ಅಗಲ ಸ್ನಾಯು ಮತ್ತು ಭುಜ, ಅಂದರೆ ಬಂಡೆಯ ಮೇಲೆ ಆಗಲೇ ದಣಿದಿರುವ ಭಾಗಗಳೇ. ಶನಿವಾರವೆಲ್ಲ ಏರಿ ಭಾನುವಾರ ಕಡಲಿಗೆ ಬಿದ್ದವರ ಭುಜಕ್ಕೆ ವಿಶ್ರಾಂತಿ ಎಲ್ಲಿಂದ ಬರಬೇಕು? ಲಾಭವಿರುವುದು ಬೇರೆ ಕಡೆ. ಬೋರ್ಡಿನ ಮೇಲೆ ಬೋರಲು ಮಲಗಿ ಎದೆಯೆತ್ತಿ ಹಿಡಿಯುವ ಭಂಗಿ, ಮುಂದಕ್ಕೆ ಬಾಗಿ ಗೂನಾಗುವ ಏರುವವರ ಬೆನ್ನನ್ನು ಹಿಂದಕ್ಕೆ ಎಳೆಯುತ್ತದೆ. ಬೆರಳುಗಳಿಗಂತೂ ಪೂರ್ತಿ ರಜೆ. ಬೆರಳಿನ ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿದಿರುವ ಸಣ್ಣ ಪಟ್ಟಿ, ಏರುವವರು ‘ಪುಲ್ಲಿ’ ಎಂದು ಕರೆಯುವುದು, ಹೆಚ್ಚಾಗಿ ಉಂಗುರದ ಬೆರಳಲ್ಲಿ ಹರಿಯುತ್ತದೆ. ಮಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಂಥವರಿಗೆ ಕಡಲು ವರವೇ ಸರಿ.

ಆದರೆ ಅದೇ ಕಡಲು ಬೆರಳ ತುದಿಯ ಗಟ್ಟಿ ಚರ್ಮವನ್ನೂ ನೆನೆಸಿ ಮೆತ್ತಗೆ ಮಾಡುತ್ತದೆ. ಹಂಪಿಯ ಗ್ರಾನೈಟಿನ ಒರಟು ಹರಳುಗಳು ಇಂಥ ಚರ್ಮವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತವೆ.

ಮೈಗಿಂತ ಹೆಚ್ಚು ಹೇಳುವುದು ಮೊದಲ ದಿನದ ಪಾಠ. ವರ್ಷಗಟ್ಟಲೆ ಬಂಡೆ ಏರಿದವರೊಬ್ಬರು ಮೊದಲ ಬಾರಿ ಬೋರ್ಡಿನ ಮೇಲೆ ಮಲಗಿದ್ದಾರೆ ಎಂದುಕೊಳ್ಳೋಣ. ಹಿಂದಿನಿಂದ ಅಲೆ ಬಂದು ಬೋರ್ಡಿನ ಬಾಲವನ್ನು ಎತ್ತುತ್ತದೆ, ಮೂತಿ ತಗ್ಗುತ್ತದೆ. ಆ ಕ್ಷಣ ಕೈ ತಾನಾಗಿ ಬೋರ್ಡಿನ ಅಂಚನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಹಿಡಿತವೇ ಉಳಿವು ಎಂದು ಬಂಡೆ ಕಲಿಸಿದೆಯಲ್ಲ! ಆದರೆ ಅಂಚು ಹಿಡಿದರೆ ಬೋರ್ಡು ವಾಲುತ್ತದೆ. ಅಂಗೈಗಳನ್ನು ಪಕ್ಕೆಲುಬಿನ ಬಳಿ ಚಪ್ಪಟೆ ಊರಿ, ಒಮ್ಮೆ ತಳ್ಳಿ, ಕೂಡಲೇ ಬಿಟ್ಟುಬಿಡಬೇಕು. ಇನ್ನು ಕಣ್ಣು. ಬಂಡೆಯ ಮೇಲೆ ಒಳ್ಳೆಯವರೆಲ್ಲ ಕಾಲು ನೋಡಿ ಏರುತ್ತಾರೆ, ಬೂಟಿನ ತುದಿ ಕೂತ ಜಾಗವನ್ನು ಕೊನೆಯ ಗಳಿಗೆಯವರೆಗೂ ನೋಡುತ್ತಾರೆ. ಬೋರ್ಡಿನ ಮೇಲೆ ಕಾಲು ನೋಡಿಕೊಂಡವರು ಮುಗ್ಗರಿಸಿ ನೀರಿಗೆ. ನೋಟ ಹೋಗಬೇಕಾದ ದಿಕ್ಕಿನಲ್ಲಿರಬೇಕು. ಬಂಡೆ ಬೆಳೆಸಿದ ಎರಡು ಅತ್ಯುತ್ತಮ ಅಭ್ಯಾಸಗಳು ಇಲ್ಲಿ ತಪ್ಪುಗಳಾಗುತ್ತವೆ. ಬಂಡೆ ಏರುವುದನ್ನು ಬಲ್ಲವರಿಗೆ ಸರ್ಫಿಂಗ್ ಬೇಗ ಒಲಿಯುತ್ತದೆ ಎನ್ನುವವರು ಈ ಕೈ ಮತ್ತು ಕಣ್ಣನ್ನು ಗಮನಿಸಿಲ್ಲ.

ಗಟ್ಟಿಯಾದ ಕಾರಣ ಈ ವಿರೋಧದಲ್ಲೇ ಇದೆ. ಬಂಡೆ ಕಾಯುತ್ತದೆ. ಇವತ್ತು ಆಗದ ರೂಟಿಗೆ ಮುಂದಿನ ಚಳಿಗಾಲ ಬಂದರೂ ಅದೇ ಹಿಡಿಕೆ ಅದೇ ಜಾಗದಲ್ಲಿರುತ್ತದೆ. ನೂರು ಸಲ ಬಿದ್ದು ನೂರಾ ಒಂದನೆಯ ಸಲ ಏರಬಹುದು. ಅಲೆ ಒಮ್ಮೆ ಮಾತ್ರ. ದೂರದ ಬಿರುಗಾಳಿ ಎಬ್ಬಿಸಿದ ನೀರಿನ ಉಬ್ಬರ ಸಾವಿರಾರು ಕಿಲೊಮೀಟರ್ ಹಾದು ಬಂದು, ತನ್ನ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚು ಆಳವಿರುವ ಕಡೆ ಮಗುಚಿ ಮುಗಿಯುತ್ತದೆ. ಅದನ್ನು ಮತ್ತೆ ಅಭ್ಯಾಸ ಮಾಡುವಂತಿಲ್ಲ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಎರಡೂ ಆಟಗಳು ಒಟ್ಟಿಗೇ ಪ್ರವೇಶ ಪಡೆದವು. ಕ್ಲೈಂಬಿಂಗ್‌ನಲ್ಲಿ ಎಲ್ಲರಿಗೂ ಒಂದೇ ಗೋಡೆ, ಒಂದೇ ಹಿಡಿಕೆ. ಸರ್ಫಿಂಗ್‌ನಲ್ಲಿ ಕಡಲು ಕೊಟ್ಟದ್ದೇ ಪ್ರಶ್ನೆಪತ್ರಿಕೆ. 2024ರ ಪ್ಯಾರಿಸ್ ಕೂಟದ ಸರ್ಫಿಂಗ್ ಟಹೀಟಿಯ ತೆಹುಪೊದಲ್ಲಿ ನಡೆದಾಗ ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಒಂದು ಅಲೆಗೆ 10ಕ್ಕೆ 9.90 ಪಡೆದು ಒಲಿಂಪಿಕ್ ದಾಖಲೆ ಬರೆದರು. ಅದಾಗಿ ಕೆಲವೇ ದಿನಗಳಲ್ಲಿ ಆಸ್ಟ್ರೇಲಿಯದ ಜ್ಯಾಕ್ ರಾಬಿನ್‌ಸನ್ ವಿರುದ್ಧದ ಸೆಮಿಫೈನಲ್. ಎರಡು ಅಲೆಗಳ ಅಂಕ ಲೆಕ್ಕಕ್ಕೆ ಬರುವ ಪಂದ್ಯ. ಕಡಲು ಸುಮ್ಮನಾಗಿಬಿಟ್ಟಿತ್ತು, ಮೆಡಿನಾಗೆ ಸವಾರಿಗೆ ದಕ್ಕಿದ್ದು ಒಂದೇ ಅಲೆ. ಅವರ ಕೌಶಲದಲ್ಲಿ ಕೊರತೆಯೇನೂ ಇರಲಿಲ್ಲ. ಬೋರ್ಡಿನ ಮೇಲೆ ಕೂತು ದಿಗಂತ ನೋಡುತ್ತಲೇ ಫೈನಲ್ ಕೈತಪ್ಪಿತು. ಬಂಡೆ ಏರುವವರಿಗೆ ಇಂಥ ಸೋಲು ಅರ್ಥವಾಗುವುದು ಕಷ್ಟ. ಅವರು ಕಲಿಯಬೇಕಾದದ್ದೂ ಇದನ್ನೇ.

ಶುನಾರ್ಡರ ಬದುಕಿನಲ್ಲೂ ಈ ಕಾಯುವಿಕೆಗೆ ದೊಡ್ಡ ಪರೀಕ್ಷೆ ಬಂದದ್ದು 1968ರಲ್ಲಿ. ಡಗ್ ಟಾಂಪ್ಕಿನ್ಸ್ ಮತ್ತಿತರ ಗೆಳೆಯರೊಡನೆ ವ್ಯಾನೊಂದರಲ್ಲಿ ಸರ್ಫ್‌ಬೋರ್ಡು, ಹಗ್ಗ, ಸ್ಕೀ ಎಲ್ಲವನ್ನೂ ಹೇರಿಕೊಂಡು ಕ್ಯಾಲಿಫೋರ್ನಿಯಾದಿಂದ ದಕ್ಷಿಣ ಅಮೆರಿಕದ ತುದಿಯತ್ತ ಹೊರಟರು. ದಾರಿಯುದ್ದಕ್ಕೂ ಅಲೆ, ಚಿಲಿಯಲ್ಲಿ ಹಿಮ, ಕೊನೆಗೆ ಪ್ಯಾಟಗೋನಿಯದ ಫಿಟ್ಸ್‌ರಾಯ್ ಶಿಖರ. ಆ ಶಿಖರವನ್ನು ಅದುವರೆಗೆ ಏರಿದ್ದು ಎರಡೇ ತಂಡ. ಬಿರುಗಾಳಿಯ ದೆಸೆಯಿಂದ ಒಟ್ಟು 31 ದಿನ ಹಿಮದ ಗುಹೆಯಲ್ಲಿ ಕೂರಬೇಕಾಯಿತು. ಶುನಾರ್ಡ್ ತಮ್ಮದೇ ಐಸ್ ಕೊಡಲಿಯಿಂದ ಮೊಣಕಾಲಿಗೆ ಗಾಯ ಮಾಡಿಕೊಂಡು, ಮುಖದ ಮೇಲೆಯೇ ಕರಗುತ್ತಿದ್ದ ಹಿಮದ ಚಾವಣಿ ನೋಡುತ್ತ ಅಂಗಾತ ಮಲಗಿದ್ದರು. 30ನೆಯ ಹುಟ್ಟುಹಬ್ಬವೂ ಆ ಗುಹೆಯಲ್ಲೇ ಕಳೆಯಿತು. ಡಿಸೆಂಬರ್‌ನಲ್ಲಿ ಗಾಳಿ ನಿಂತಾಗ ಐವರೂ ಹೊಸ ದಾರಿಯಲ್ಲಿ ಶಿಖರ ಮುಟ್ಟಿದರು. ಅವರನ್ನು ಮೇಲೆ ಮುಟ್ಟಿಸಿದ್ದು ತೋಳಬಲವೊಂದೇ ಅಲ್ಲ. ವಾರಗಟ್ಟಲೆ ಏನೂ ಮಾಡದೆ ಕಾದು, ಬಾಗಿಲು ತೆರೆದ ಗಳಿಗೆಯಲ್ಲಿ ನುಗ್ಗುವ ಗುಣವೂ ಬೇಕಿತ್ತು. ಅಲೆಗಾಗಿ ಕೂತು ರೂಢಿಯಾದವರಿಗೆ ಇದು ಹೊಸದಲ್ಲ.

ಈ ಪಯಣದ ನೆರಳಲ್ಲಿ 2010ರಲ್ಲಿ ‘180° ಸೌತ್’ ಎಂಬ ಸಾಕ್ಷ್ಯಚಿತ್ರ ಬಂತು. ನಿರ್ದೇಶಕ ಕ್ರಿಸ್ ಮಲಾಯ್. ಸರ್ಫರೂ ಕ್ಲೈಂಬರೂ ಆದ ಜೆಫ್ ಜಾನ್ಸನ್ ಮುಖ್ಯ ಪಾತ್ರ. ಕಣ್ಣಿಗೆ ಹಬ್ಬವಾದ ಚಿತ್ರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಡಲು, ಬೆಟ್ಟ ಎರಡನ್ನೂ ಒಂದೇ ‘ಪಯಣ’ದ ಮಂಜಿನಲ್ಲಿ ಸುತ್ತಿ ಅವುಗಳ ವ್ಯತ್ಯಾಸವನ್ನೇ ಮರೆಸುವುದು ಅದರ ದೋಷ. ಚಿತ್ರದ ನಿಜವಾದ ಬಲವಿರುವುದು ಯಾರೂ ಯೋಜಿಸದ ಭಾಗದಲ್ಲಿ. ಹಾಯಿದೋಣಿಯ ಕೂವೆ ಮುರಿದು, ರಪಾನುಯಿ ದ್ವೀಪದಲ್ಲಿ ತಂಗಿ, ತಂಡ ತಡವಾಗಿ ಚಿಲಿ ತಲುಪುತ್ತದೆ. ಅಷ್ಟರಲ್ಲಿ ಕೊರ್ಕೊವಾಡೊ ಬೆಟ್ಟದ ಹಿಮ ಕರಗಿ ಸಡಿಲ ಕಲ್ಲು ಎದ್ದಿರುತ್ತದೆ. ತುದಿ ಹತ್ತಿರವಿದ್ದರೂ ಅವರು ಇಳಿದು ಬರುತ್ತಾರೆ. ಅಲೆ ಸರಿಯಿಲ್ಲವೆಂದು ದಡಕ್ಕೆ ಮರಳುವಷ್ಟೇ ಸಹಜವಾಗಿ ಶಿಖರಕ್ಕೆ ಬೆನ್ನು ಮಾಡುವ ಆ ದೃಶ್ಯ, ಎರಡು ಆಟಗಳ ನಂಟನ್ನು ಚಿತ್ರದ ಎಲ್ಲ ಮಾತಿಗಿಂತ ಚೆನ್ನಾಗಿ ಹೇಳುತ್ತದೆ.

ಇಲ್ಲೊಂದು ಎಚ್ಚರ ಬೇಕು. ತಮ್ಮ ವ್ಯಾಪಾರದ ಹೆಚ್ಚಿನ ಪಾಲು ಪಿಟಾನ್‌ನಿಂದಲೇ ಬರುತ್ತಿದ್ದಾಗ, ಅದರ ಹೊಡೆತಕ್ಕೆ ಯೊಸೆಮಿಟಿಯ ಬಂಡೆ ಹಾಳಾಗುವುದನ್ನು ಕಂಡು ಶುನಾರ್ಡ್ ಮತ್ತು ಅವರ ಪಾಲುದಾರ ಟಾಮ್ ಫ್ರಾಸ್ಟ್ 1972ರ ಕ್ಯಾಟಲಾಗಿನಲ್ಲಿ ಸುತ್ತಿಗೆಯಿಲ್ಲದ ಏರುವಿಕೆಯ ಪರ ನಿಂತರು. ಗುರುತು ಉಳಿಸದ ಅಲೆಯೇ ಇದನ್ನು ಕಲಿಸಿತು ಎನ್ನಲು ಯಾರಿಗೂ ಆಸೆಯಾದೀತು. ಚರಿತ್ರೆ ಹಾಗಿಲ್ಲ. ಬಿರುಕಿಗೆ ಕೈಯಲ್ಲೇ ಸಿಕ್ಕಿಸಿ ತೆಗೆಯುವ ಬೆಣೆಗಳ ಪದ್ಧತಿ ಬ್ರಿಟನ್ನಿನ ಕ್ಲೈಂಬರ್‌ಗಳದು. ಅವರ ಪಾಲನ್ನು ಕಡಲಿಗೆ ಬರೆಯುವುದು ಸರಿಯಲ್ಲ.

ಇನ್ನೊಂದು ತಕರಾರು ಹೆಚ್ಚು ತೂಕದ್ದು. ಅಲೆ ಎದ್ದಾಗ ಕೆಲಸಗಾರರು ಸರ್ಫಿಂಗಿಗೆ ಹೋಗಲಿ ಎಂಬ ನೀತಿಯನ್ನು ಶುನಾರ್ಡ್ ತಮ್ಮ ಕಂಪನಿ ಪ್ಯಾಟಗೋನಿಯದಲ್ಲಿ ತಂದರು. 2005ರ ಅವರ ಪುಸ್ತಕದ ಹೆಸರೇ ‘ಲೆಟ್ ಮೈ ಪೀಪಲ್ ಗೋ ಸರ್ಫಿಂಗ್’. ಕಂಪನಿ ಇರುವ ವೆಂಚುರಾದಲ್ಲಿ ಕಡಲು ಅಷ್ಟು ಹತ್ತಿರ. ಬೆಂಗಳೂರಿನಲ್ಲಿ ಪಾಳಿಯ ಕೆಲಸ ಮಾಡಿ ರಾಮನಗರದಲ್ಲಿ ವಾರಾಂತ್ಯ ಏರುವವರಿಗೆ ಕಡಲೆಂದರೆ ಘಟ್ಟ ಇಳಿದು ಹೋಗುವ ಒಂದು ರಾತ್ರಿಯ ಬಸ್ಸು. ಅಲ್ಲಿ ಮುಟ್ಟಿದಾಗ ಅಲೆ ಇರಬೇಕೆಂದೇನಿಲ್ಲ. ಒಂದೆರಡು ವಾರಾಂತ್ಯದಲ್ಲಿ ಕಲಿಯುವ ಆಟವೂ ಅಲ್ಲ. ಇನ್ನೂ ಮಗುಚದ ‘ಹಸಿರು’ ಅಲೆಯನ್ನು ಓದಲು ವರ್ಷಗಳೇ ಹಿಡಿಯುತ್ತವೆ. ಜೊತೆ ಆಟ ಎಂದು ಸಲೀಸಾಗಿ ಹೇಳುವವರು ಈ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆಂದು ಕರ್ನಾಟಕಕ್ಕೆ ಇದು ಹೊರಗಿನ ಮಾತೇನಲ್ಲ. ಕ್ಯಾಲಿಫೋರ್ನಿಯಾದ ಸರ್ಫಿಂಗ್ ಊರಾದ ಸಾಂತಾಕ್ರೂಜ್‌ನಲ್ಲಿ ಹುಟ್ಟಿದ ಕ್ಲೈಂಬರ್ ಕ್ರಿಸ್ ಶರ್ಮಾ ಹಂಪಿಯ ಗುಂಡುಬಂಡೆಗಳನ್ನು ಏರಿದ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಹಂಪಿ ಜಗತ್ತಿನ ಕ್ಲೈಂಬರ್‌ಗಳ ನಕ್ಷೆ ಸೇರಿತು. ಅದೇ ಶರ್ಮಾ ಮುಂದೆ ಸ್ಪೇನಿನ ಮಯೋರ್ಕಾದಲ್ಲಿ ಎಸ್ ಪೊಂಟಾಸ್ ಎಂಬ ಕಡಲ ಕಮಾನನ್ನು ಹಗ್ಗವಿಲ್ಲದೆ, ಬಿದ್ದಾಗಲೆಲ್ಲ ನೀರಿಗೇ ಬೀಳುತ್ತ, ಏರಿದರು. ಇತ್ತ ಮೂಲ್ಕಿಯಲ್ಲಿ 2004ರಲ್ಲೇ ಆಶ್ರಮವೊಂದರ ಅಂಗಳದಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಗಿತ್ತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನ ಅಳಿವೆಯಲ್ಲಿ ಈಗ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆಯುತ್ತವೆ. ಆ ಅಳಿವೆ ದಾಟುವ ನಾಡದೋಣಿಯ ಮೀನುಗಾರರು ಯಾವ ಅಲೆಯನ್ನು ಬಿಟ್ಟುಕೊಡಬೇಕು, ಯಾವುದರ ಬೆನ್ನಿಗೆ ದೋಣಿ ನುಗ್ಗಿಸಬೇಕು ಎಂಬುದನ್ನು ತಲೆಮಾರುಗಳಿಂದ ಬಲ್ಲವರು. ಕಲಿಯಲು ಬರುವ ಕ್ಲೈಂಬರ್ ಬೋರ್ಡು ಬಾಡಿಗೆಗೆ ಪಡೆಯುವ ಮುನ್ನ ಒಂದು ಬೆಳಗು ಅವರ ಜೊತೆ ದಡದಲ್ಲಿ ನಿಂತು ನೋಡುವುದು ಒಳ್ಳೆಯದು.

ಕ್ಯಾಲೆಂಡರ್ ಕೂಡ ಇಲ್ಲಿ ಅನುಕೂಲವಾಗಿಯೇ ಇದೆ. ಬಾದಾಮಿಯ ಕೆಂಪು ಮರಳುಗಲ್ಲು ಏರಲು ನವೆಂಬರ್‌ನಿಂದ ಫೆಬ್ರವರಿ ಹಿತ. ಏಪ್ರಿಲ್ ಹೊತ್ತಿಗೆ ಬಂಡೆ ಕಾದು ಮುಟ್ಟಲಾಗದಂತಾಗುತ್ತದೆ, ಕೈ ಬೆವರಿ ಚಾಕ್ ಪುಡಿ ನಿಲ್ಲುವುದಿಲ್ಲ. ಪಡುವಣ ಕಡಲಲ್ಲಿ ಅಲೆ ಏಳತೊಡಗುವುದು ಆಗಲೇ. ಜೂನ್‌ನಲ್ಲಿ ಮಳೆ ಜೋರಾಗಿ ಕಡಲು ಮುನಿಯುವ ತನಕ ಕಲಿಯುವವರಿಗೆ ಸಿಗುವುದು ಹತ್ತಿಪ್ಪತ್ತು ಒಳ್ಳೆಯ ಬೆಳಗುಗಳು. ಅಷ್ಟರಲ್ಲಿ ಬೋರ್ಡಿನ ಅಂಚು ಹಿಡಿಯುವುದನ್ನು ಕೈ ಬಿಟ್ಟರೆ ಮೊದಲ ವರ್ಷಕ್ಕೆ ಸಾಕು.