ಬೀದಿಗೆ ಚಿಕ್ಕ ಪಟ್ಟಿ, ಬಯಲಿಗೆ ಸುರುಳಿ ಲೀಶ್

ಸೇಲಂನ ಫೇರ್‌ಲ್ಯಾಂಡ್ಸ್, ಹಸ್ತಂಪಟ್ಟಿ ಕಡೆ ಬೆಳಗಿನ ಹೊತ್ತು ನಾಯಿ ಹಿಡಿದು ಹೊರಡುವವರ ಕೈಯಲ್ಲಿ ಮೊದಲೆಲ್ಲ ಕಬ್ಬಿಣದ ಚೈನು ಇರುತ್ತಿತ್ತು. ಈಗ ಪ್ಲಾಸ್ಟಿಕ್ ಹಿಡಿಯ ಸುರುಳಿ ಲೀಶ್ ಬಂದಿದೆ. ಅಂಗಡಿಯವರು ಇದನ್ನೇ ರಿಟ್ರಾಕ್ಟಬಲ್ ಲೀಶ್ ಎನ್ನುತ್ತಾರೆ. ಧರ್ಮಪುರಿಯಲ್ಲೂ ಇದನ್ನು ಕೊಳ್ಳುವವರು ಹೆಚ್ಚುತ್ತಿದ್ದಾರೆ. ಹೊಸದಾಗಿ ಮರಿ ತಂದವರು ಕೇಳುವ ಮೊದಲ ನಾಲ್ಕೈದು ಪ್ರಶ್ನೆಗಳಲ್ಲಿ ಇದೂ ಒಂದು: ಕೊಳ್ಳಬಹುದೇ, ಬೇಡವೇ?

ನನ್ನ ಉತ್ತರ ಇಷ್ಟು. ಸಾಧನ ಒಳ್ಳೆಯದು, ಆದರೆ ಅದು ನಮ್ಮ ಬೀದಿಗಳಿಗೆ ಹೇಳಿ ಮಾಡಿಸಿದ್ದಲ್ಲ. ಎಳೆಯದೆ ನಡೆಯಲು ಕಲಿತ ನಾಯಿಗೆ, ತೆರೆದ ಬಯಲಿನಲ್ಲಿ ಮಾತ್ರ ಅದನ್ನು ಬಳಸಬೇಕು. ಕಲಿಯದ ನಾಯಿಗೆ ಅದು ಕೆಟ್ಟ ಪಾಠವನ್ನೇ ಕಲಿಸುತ್ತದೆ.

ಏಕೆಂದು ತಿಳಿಯಲು ಹಿಡಿಯೊಳಗೆ ಏನಿದೆ ಎಂದು ನೋಡಬೇಕು. ಅಲ್ಲಿರುವುದು ಒಂದು ಗಾಲಿ, ಅದರ ನಡುವೆ ಸುರುಳಿ ಸುತ್ತಿದ ಚಪ್ಪಟೆ ಉಕ್ಕಿನ ಸ್ಪ್ರಿಂಗ್. ಬಡಗಿಯ ಅಳತೆ ಟೇಪಿನೊಳಗೆ ಇರುವಂಥದ್ದೇ. ನಾಯಿ ಮುಂದೆ ಹೋದಂತೆ ದಾರ ಬಿಚ್ಚಿಕೊಂಡು ಸ್ಪ್ರಿಂಗ್ ಬಿಗಿಯಾಗುತ್ತದೆ. ನಾಯಿ ಹತ್ತಿರ ಬಂದಂತೆ ದಾರ ತಾನೇ ಸುತ್ತಿಕೊಳ್ಳುತ್ತದೆ. ಹೆಬ್ಬೆರಳ ಬಳಿಯ ಗುಂಡಿ ಒತ್ತಿದರೆ ಗಾಲಿಯ ಹಲ್ಲಿಗೆ ಕೊಕ್ಕೆ ಸಿಕ್ಕಿ ದಾರ ಅಲ್ಲಿಗೇ ನಿಲ್ಲುತ್ತದೆ. ಅಮೆರಿಕದ ಮೇರಿ ಡಿಲೇನಿ ಎಂಬಾಕೆ 1908ರಲ್ಲೇ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಮನೆಮನೆಗೂ ಅದು ತಲುಪಿದ್ದು 1973ರಲ್ಲಿ ಜರ್ಮನಿಯ ಮ್ಯಾನ್‌ಫ್ರೆಡ್ ಬೊಗ್ಡಾನ್ 'ಫ್ಲೆಕ್ಸಿ' ಕಂಪನಿ ಶುರು ಮಾಡಿದ ಮೇಲೆ. ಈಗ 3, 5, 8 ಮೀಟರ್ ಉದ್ದದಲ್ಲಿ, ತೆಳು ದಾರದ್ದೂ ಅಗಲ ಪಟ್ಟಿಯದ್ದೂ ಸಿಗುತ್ತವೆ.

ಇದರಲ್ಲಿ ಕೊಳ್ಳುವವರು ಗಮನಿಸದ ಒಂದು ಸಂಗತಿಯಿದೆ. ಆ ಸ್ಪ್ರಿಂಗಿಗೆ ಸಡಿಲ ದಾರವನ್ನು ಸುತ್ತಿಕೊಳ್ಳುವಷ್ಟೇ ಶಕ್ತಿ. ನಾಯಿಯನ್ನು ಎಳೆದು ತರುವ ಶಕ್ತಿ ಅದಕ್ಕಿಲ್ಲ. ಗುಂಡಿ ಒತ್ತಿದರೆ ನಾಯಿ ಇನ್ನಷ್ಟು ಮುಂದೆ ಹೋಗುವುದು ತಪ್ಪುತ್ತದೆ, ಆದರೆ ಹಿಂದಕ್ಕೆ ಬರುವುದಿಲ್ಲ. ಐದು ಮೀಟರ್ ದೂರದಲ್ಲಿ ತೊಂದರೆ ಎದುರಾದರೆ ಗುಂಡಿ ಒತ್ತಿ, ನಾಯಿಯ ಕಡೆ ಬೇಗ ಹೆಜ್ಜೆ ಹಾಕಿ, ಗುಂಡಿ ಬಿಟ್ಟು ದಾರ ಸುತ್ತಿಸಿ, ಮತ್ತೆ ಒತ್ತಬೇಕು. ಇದು ಅಭ್ಯಾಸದಿಂದ ಬರುವ ಕೈಚಳಕ. ಗಾಬರಿಯಲ್ಲಿ ಬರುವುದಿಲ್ಲ.

ಸೇಲಂನ ಗುಗೈಯ ಓಣಿಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ನಮ್ಮ ದೇವಾಂಗದವರ ಮನೆಗಳು ಒತ್ತೊತ್ತಾಗಿರುವ ಜಾಗ, ಎರಡು ಬೈಕು ಎದುರಾದರೆ ಒಂದು ನಿಲ್ಲಲೇಬೇಕು. ಹುಡುಗನೊಬ್ಬ ಈ ಬದಿಯ ಜಗಲಿಯ ಹತ್ತಿರ ನಿಂತಿದ್ದ, ಅವನ ಬಿಳಿ ಪೊಮೇರಿಯನ್ ಆ ಬದಿಯ ಚರಂಡಿ ಮೂಸುತ್ತಿತ್ತು. ನಡುವೆ ಕಪ್ಪು ದಾರ, ಮೊಣಕಾಲಿನೆತ್ತರಕ್ಕೆ. ಮೊಪೆಡ್ ಬಂತು. ಸವಾರನಿಗೆ ಹುಡುಗ ಕಂಡ, ನಾಯಿ ಕಂಡಿತು, ದಾರ ಕಾಣಲಿಲ್ಲ. ಬಾಗಿಲಲ್ಲಿದ್ದ ಅಜ್ಜಿ "ಹಿಡ್ಕೋ ಮಗಾ, ಹಿಡ್ಕೋ!" ಎಂದು ಕೂಗಿದರು. ಹುಡುಗ ಗುಂಡಿ ಮರೆತು ಬರಿಗೈಯಲ್ಲಿ ದಾರ ಹಿಡಿದ. ಬೆದರಿದ ನಾಯಿ ಓಡಿತು. ಮೊಪೆಡ್ ಹೇಗೋ ನಿಂತಿತು. ಹುಡುಗನ ನಾಲ್ಕೂ ಬೆರಳುಗಳ ಒಳಬದಿಯಲ್ಲಿ ಚರ್ಮ ಸುಲಿದು ಕೆಂಪು ಗೆರೆ ಎದ್ದಿತ್ತು. ಇದು ಬೆಂಕಿ ಸುಟ್ಟಂಥದ್ದೇ ಗಾಯ. ಓಡುವ ದಾರದ ಉಜ್ಜಾಟಕ್ಕೆ ಅಷ್ಟು ಶಾಖ ಹುಟ್ಟುತ್ತದೆ.

ಗಾಯದ ಲೆಕ್ಕ ಇಟ್ಟ ದೇಶಗಳೂ ಇವೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಅಂಕಿಗಳ ಪ್ರಕಾರ 2007ರಲ್ಲಿ ಅಲ್ಲಿ ಎಲ್ಲ ಬಗೆಯ ಲೀಶ್‌ಗಳಿಂದ ಪೆಟ್ಟಾಗಿ ಆಸ್ಪತ್ರೆಗೆ ಹೋದವರು 16,564. ಸುಮಾರು ಕಾಲು ಪಾಲು ಬೆರಳಿನ ಗಾಯಗಳು. ಮರುವರ್ಷ 'ಸ್ಲೈಡಾಗ್' ಎಂಬ ಸುರುಳಿ ಲೀಶ್‌ಗಳನ್ನು ಅಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡರು. ಕೊಂಡಿ ಮುರಿದು ದಾರದ ಜೊತೆ ಹಿಡಿದವರ ಕಡೆಗೇ ಹಾರಿ ಬರುತ್ತಿತ್ತು.

ಇನ್ನು ನಾಯಿಯ ಕುತ್ತಿಗೆ. 30 ಕಿಲೋ ತೂಕದ ಲ್ಯಾಬ್ರಡಾರ್ ಬೆಕ್ಕು ಕಂಡು ಹಾರಿ, ಸೆಕೆಂಡಿಗೆ 6 ಮೀಟರ್ ವೇಗ ಪಡೆದು, ದಾರ ಮುಗಿದಲ್ಲಿ ಒಂದು ಗೇಣಿನೊಳಗೆ ನಿಂತಿತು ಎನ್ನಿ. ಆ ಕ್ಷಣ ಕುತ್ತಿಗೆಯ ಮೇಲೆ ಬೀಳುವುದು 270 ಕಿಲೋ ತೂಗುವಷ್ಟು ಬಲ. ಒಂದೂವರೆ ಮೀಟರಿನ ಪಟ್ಟಿಯಲ್ಲಿ ಅಷ್ಟು ವೇಗ ಪಡೆಯಲು ನಾಯಿಗೆ ಜಾಗವೇ ಸಿಗುವುದಿಲ್ಲ. ಮುಧೋಳ, ರಾಜಪಾಳ್ಯಂ, ಚಿಪ್ಪಿಪಾರೈ ಸಾಕಿದವರು ಇದನ್ನು ಎರಡು ಸಲ ಓದಬೇಕು. ಇವು ಕಣ್ಣಿನಿಂದ ಬೇಟೆ ಗುರುತಿಸಿ ಒಂದೇ ನೆಗೆತಕ್ಕೆ ಓಡುವ ತಳಿಗಳು. ಉದ್ದ ಕುತ್ತಿಗೆ, ಅದಕ್ಕಿಂತ ಸಣ್ಣ ತಲೆ. ಇವಕ್ಕೆ ಕುತ್ತಿಗೆ ಬೆಲ್ಟಿಗೆ ಸುರುಳಿ ಲೀಶ್ ಸಿಕ್ಕಿಸಿದರೆ ಒಂದೋ ಕುತ್ತಿಗೆಗೆ ಪೆಟ್ಟು, ಇಲ್ಲವೇ ಬೆಲ್ಟು ಕಳಚಿ ನಾಯಿ ಮಾಯ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕಲಿಕೆಯ ತೊಂದರೆ. ಸುರುಳಿ ಲೀಶ್‌ನಲ್ಲಿ ಸ್ಪ್ರಿಂಗಿನ ಸಣ್ಣ ಎಳೆತ ಯಾವಾಗಲೂ ಇದ್ದೇ ಇರುತ್ತದೆ. ನಾಯಿ ಎಳೆದರೆ ದಾರ ಉದ್ದವಾಗುತ್ತದೆ. ಎಳೆದರೆ ದಾರಿ ಸಿಗುತ್ತದೆ ಎಂದು ಮರಿ ಒಂದೇ ವಾರದಲ್ಲಿ ಕಲಿಯುತ್ತದೆ. ಚಿಕ್ಕ ಪಟ್ಟಿಯಲ್ಲಿ ನಾವು ಕಲಿಸುವುದು ಇದಕ್ಕೆ ತದ್ವಿರುದ್ಧ: ಪಟ್ಟಿ ಸಡಿಲವಾಗಿದ್ದರೆ ನಡಿಗೆ, ಬಿಗಿಯಾದರೆ ನಿಲುಗಡೆ. ಎರಡೂ ಪಾಠ ಒಟ್ಟಿಗೆ ನಡೆಯಲಾರವು. ಏರ್ಕಾಡಿನ ಬೇಸಿಗೆ ಉತ್ಸವದ ಶ್ವಾನ ಪ್ರದರ್ಶನಕ್ಕೆ ಹೋದವರು ನೆನಪಿಸಿಕೊಳ್ಳಿ. ಕಣಕ್ಕೆ ಇಳಿಯುವಾಗ ಪಳಗಿದ ಕೈಗಳು ಹಿಡಿಯುವುದು ಹಗುರವಾದ ಚಿಕ್ಕ ಪಟ್ಟಿಯನ್ನೇ. ನಾಯಿಗೆ ಹೇಳಬೇಕಾದ ಮಾತು ಬೆರಳುಗಳಿಂದಲೇ ಅದಕ್ಕೆ ತಲುಪುತ್ತದೆ.

ಬೀದಿನಾಯಿಗಳ ವಿಚಾರವೂ ಇದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸಂತಾನಹರಣ ಮಾಡಿ ಲಸಿಕೆ ಹಾಕಿದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಹಾಗಾಗಿ ಬೀದಿಬೀದಿಗೂ ಅದರದೇ ನಾಯಿಗಳಿರುತ್ತವೆ, ಹೊಸಬರ ಮೇಲೆ ಅವಕ್ಕೆ ಕಣ್ಣು. ಅವುಗಳ ಗುಂಪು ಎದುರಾದಾಗ ನಮ್ಮ ನಾಯಿ ಮೊಣಕಾಲಿನ ಪಕ್ಕದಲ್ಲಿರಬೇಕು, ಐದು ಮೀಟರ್ ಆಚೆಯಲ್ಲ.

ಹಾಗಾದರೆ ಇದರಿಂದ ಒಳಿತೇ ಇಲ್ಲವೇ? ಇದೆ, ಅದನ್ನು ಮನಸಾರೆ ಹೇಳುತ್ತೇನೆ. ನಾಯಿ ಲೋಕವನ್ನು ಅರಿಯುವುದು ಮೂಗಿನಿಂದ. ಚಿಕ್ಕ ಪಟ್ಟಿಯಲ್ಲಿ ನಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ ಮನೆಗೆ ಮರಳುವ ನಾಯಿಯ ಕಾಲು ದಣಿದಿರುತ್ತದೆ, ಮನಸ್ಸು ತಣಿದಿರುವುದಿಲ್ಲ. ಕಣ್ಣಂಕುರಿಚ್ಚಿಯ ಮೂಕನೇರಿ ಕೆರೆ ಏರಿಯ ಮೇಲೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಪೆನ್ನಾಗರಂ ಕಡೆಯ ಕೊಯ್ಲಾದ ರಾಗಿ ಹೊಲದಲ್ಲಿ, ಏರ್ಕಾಡಿನ ಕಾಫಿ ತೋಟದ ಒಳದಾರಿಯಲ್ಲಿ ಐದು ಮೀಟರ್ ಬಿಟ್ಟು ನೋಡಿ. ನಾಯಿ ಹುಲ್ಲಿನ ಬುಡ ಮೂಸಿ, ಹಿಂದಿರುಗಿ ನಿಮ್ಮನ್ನು ನೋಡಿ, ಮತ್ತೆ ಮುಂದೆ ಹೋಗುತ್ತದೆ. ಏರ್ಕಾಡಿನಲ್ಲಿ ಕಾಟಿಗಳು ತೋಟಕ್ಕೇ ಇಳಿಯುತ್ತವೆ, ನಾಯಿಯನ್ನು ಪೂರ್ತಿ ಬಿಡುವಂತಿಲ್ಲ. ಅಂಥಲ್ಲಿ ಸುರುಳಿ ಲೀಶ್ ನಿಜವಾಗಿ ಒದಗುತ್ತದೆ. ಮುದಿ ನಾಯಿಗೆ, ಎಲ್ಲರೆದುರು ಮೂತ್ರಕ್ಕೆ ಕೂರಲು ಅಂಜುವ ನಾಯಿಗೆ, ಹತ್ತು ಕಿಲೋಗಿಂತ ಹಗುರವಾದ ಶಾಂತ ಸ್ವಭಾವದ ನಾಯಿಗೆ ಇದು ಅನುಕೂಲ. ಆದರೆ ಹೊಗೇನಕಲ್ ಸುತ್ತಿನ ಕಾಡಂಚಿಗೆ ಯಾವ ಪಟ್ಟಿಯಲ್ಲೂ ನಾಯಿಯನ್ನು ಒಯ್ಯಬೇಡಿ. 2022ರಲ್ಲಿ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿಧಾಮವೆಂದು ಘೋಷಿಸಿದ್ದಾರೆ. ಅದು ಆನೆ, ಚಿರತೆಗಳ ಜಾಗ.

ಕೊಳ್ಳುವುದೇ ಆದರೆ ತೆಳು ದಾರದ್ದು ಬೇಡ, ಪೂರ್ತಿ ಪಟ್ಟಿಯದ್ದನ್ನೇ ಆರಿಸಿ. ಪೊಟ್ಟಣದ ಮೇಲೆ ಬರೆದ ಕಿಲೋ ಮಿತಿ ನಿಮ್ಮ ನಾಯಿಯ ತೂಕಕ್ಕಿಂತ ಹೆಚ್ಚಿರಲಿ. ಕೊಂಡಿಯನ್ನು ಕುತ್ತಿಗೆ ಬೆಲ್ಟಿಗಲ್ಲ, ಎದೆಗೆ ತೊಡಿಸುವ ಹಾರ್ನೆಸ್‌ನ ಬೆನ್ನಿನ ಉಂಗುರಕ್ಕೆ ಹಾಕಿ. ನಾಯಿಯಿಂದ ಬಿಚ್ಚಿದ ಮೇಲೆ ಕೊಂಡಿಯನ್ನು ಕೈಯಲ್ಲೇ ಹಿಡಿದು ನಿಧಾನ ಸುತ್ತಿಸಿ. ಹಾಗೇ ಬಿಟ್ಟರೆ ಕೊನೆಯ ಮೀಟರಿನಲ್ಲಿ ಅದು ಚಾಟಿಯಂತೆ ಬಂದು ಕಣ್ಣಿಗೆ ತಗಲಬಹುದು. ಮಳೆಯಲ್ಲಿ ನೆನೆದರೆ ಪಟ್ಟಿಯನ್ನು ಪೂರ್ತಿ ಎಳೆದು ಗುಂಡಿ ಬಿಗಿದು ಒಣಗಿಸಿ. ಇಲ್ಲದಿದ್ದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹಿಡಿ ಕೈಜಾರಿ ಬಿದ್ದರೆ ಅದು ಟಾರು ರಸ್ತೆಯಲ್ಲಿ ಗಡಗಡ ಸದ್ದು ಮಾಡುತ್ತ ನಾಯಿಯ ಬೆನ್ನಟ್ಟುತ್ತದೆ. ಅದಕ್ಕೆ ಹೆದರಿ ಓಡುವ ನಾಯಿ ಲಾರಿಯನ್ನೂ ನೋಡುವುದಿಲ್ಲ. ಆದ್ದರಿಂದ ಮಕ್ಕಳ ಕೈಗೆ ಇದನ್ನು ಕೊಡಲೇಬೇಡಿ.

ಹೆಚ್ಚು ಹಣ ಖರ್ಚು ಮಾಡದೆಯೂ ಇದೇ ಸುಖವನ್ನು ನಾಯಿಗೆ ಕೊಡಬಹುದು. ಒಂದಂಗುಲ ಅಗಲದ ನವಾರು ಪಟ್ಟಿ ಹತ್ತು ಮೀಟರ್ ತಂದು ತುದಿಗೆ ಗಟ್ಟಿ ಕೊಂಡಿ ಹೊಲಿಸಿ. ಇದರಲ್ಲಿ ಸ್ಪ್ರಿಂಗಿನ ಎಳೆತವಿಲ್ಲ, ಬೀಳಿಸಿದರೆ ಸದ್ದಿಲ್ಲ, ಕೆಡುವ ಯಂತ್ರವಿಲ್ಲ. ಕರೆದರೆ ಬರುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಮರಿ ತಂದವರು ಮೊದಲ ವರ್ಷ ಒಂದೂವರೆ ಮೀಟರಿನ ಪಟ್ಟಿಯಲ್ಲೇ ನಡೆಸಿ. ಪಟ್ಟಿ ಸಡಿಲವಾಗಿಟ್ಟುಕೊಂಡು ನಡೆಯುವುದು ಬಂದ ಮೇಲೆ, ಕರೆದ ಕೂಡಲೇ ತಿರುಗುವುದು ಬಂದ ಮೇಲೆ ಸುರುಳಿ ಲೀಶ್ ಕೊಳ್ಳಿ. ಬಯಲಿಗೆ ಹೋಗುವವರೆಗೂ ಚಿಕ್ಕ ಪಟ್ಟಿಯಲ್ಲೇ ನಡೆಸಿ, ಬಯಲು ತಲುಪಿದ ಮೇಲೆ ಬದಲಿಸಿ. ಎಷ್ಟು ಉದ್ದ ಬಿಡಬೇಕೆಂಬ ತೀರ್ಮಾನ ಜಾಗ ನೋಡಿ ನಿಮ್ಮಿಂದ ಬರಬೇಕು. ಅದನ್ನು ಸ್ಪ್ರಿಂಗಿಗೂ ನಾಯಿಗೂ ಬಿಡಬೇಡಿ.