ಟೀವಿಯಲ್ಲಿ ಕುರಿ ಸಾಯುವುದಿಲ್ಲ

ಬಕ್ರೀದ್ ಹತ್ತಿರ ಬಂತೆಂದರೆ ಹೈದರಾಬಾದಿನ ಯಾವ ನ್ಯೂಸ್ ಚಾನೆಲ್ ಬೇಕಾದರೂ ಹಾಕಿ ನೋಡಿ. ಮೆಹದಿಪಟ್ನಂ, ನಾನಲ್ ನಗರ, ಚಂಚಲ್‌ಗುಡಾ ಕಡೆಯ ರಸ್ತೆ ಬದಿಯ ಮಂಡಿ. ಚೆನ್ನಾಗಿ ಮೇಯಿಸಿದ ಒಂದು ಟಗರು. ವರದಿಗಾರ ಮೈಕು ಹಿಡಿಯುವುದು ಕೊಳ್ಳಲು ಬಂದ ನಮ್ಮವರ ಮುಂದೆ: "ಎಷ್ಟಕ್ಕೆ ತಗೊಂಡ್ರಿ?" ಉತ್ತರ ಲಕ್ಷದಲ್ಲಿದ್ದರೆ ಅದೇ ಹೆಡ್‌ಲೈನ್. ಹಗ್ಗ ಹಿಡಿದು ನಿಂತವನ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಅವನು ಯಾದಗಿರಿಯಿಂದ ಬಂದನೋ, ಬೀದರಿನಿಂದಲೋ, ನಾರಾಯಣಖೇಡದಿಂದಲೋ ಯಾರೂ ಕೇಳುವುದಿಲ್ಲ. ದೀಪಾವಳಿ ಆದಮೇಲೆ ನಾರಾಯಣಗುಡದ ಸದರ್ ಹಬ್ಬದಲ್ಲೂ ಇದೇ ಕಥೆ. ಅಲ್ಲಿ ಟಗರಿನ ಬದಲು ಹರಿಯಾಣದ ಕೋಣ, ಲಕ್ಷದ ಬದಲು ಕೋಟಿ.

"ಟೀವ್ಯಾಗ ಕುರಿ ಸಾಯಂಗೇ ಇಲ್ರಿ ಅಕ್ಕೋರ" ಎಂದು ಮಂಡಿಯಲ್ಲಿ ಒಬ್ಬ ಹಿರಿಯ ಕುರಿಗಾಹಿ ನನಗೆ ಹೇಳಿದರು. ಗಡಿ ಕಡೆಯವರು. ಮನೆಯಲ್ಲಿ ಕನ್ನಡ, ಊರಲ್ಲಿ ತೆಲುಗು, ವ್ಯಾಪಾರಕ್ಕೆ ದಖನಿ. ಅವರು ಹೇಳಿದ್ದು ಹಬ್ಬದ ಸುದ್ದಿ ಬಗ್ಗೆ ಅಲ್ಲ, ಮುಂಜಾನೆ ಬರುವ ಕೃಷಿ ಕಾರ್ಯಕ್ರಮಗಳ ಬಗ್ಗೆ. ಇದಕ್ಕಿಂತ ನೇರವಾದ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಆ ಕಾರ್ಯಕ್ರಮಗಳ ಅಚ್ಚು ನಿಮಗೂ ಗೊತ್ತು. ಓದಿದ ಯುವಕ, ಬಿಟ್ಟುಬಂದ ಕೆಲಸ, ಅಟ್ಟಣಿಗೆಯ ಶೆಡ್ಡು, ತೊಳೆದಂತಿರುವ ಕುರಿಗಳು. ಇಷ್ಟು ತಾಯಿಕುರಿ, ಇಷ್ಟು ಮರಿ, ಒಂದಕ್ಕೆ ಇಷ್ಟು ರೂಪಾಯಿ, ಗುಣಿಸಿದರೆ ವರ್ಷಕ್ಕೆ ಲಕ್ಷಗಳು. ಗುಣಾಕಾರ ಸರಿಯಾಗಿಯೇ ಇರುತ್ತದೆ. ಕಳೆಯುವ ಲೆಕ್ಕ ಮಾತ್ರ ಬರುವುದಿಲ್ಲ. ಮಳೆಗಾಲದ ನೀಲಿ ನಾಲಿಗೆ ರೋಗ, ಪಿಪಿಆರ್, ಕರುಳು ಬೇನೆ, ಜಂತು, ಬೀದಿ ನಾಯಿ, ಹೈವೇ ದಾಟುವಾಗ ಲಾರಿ. ರಾತ್ರಿ ಹಟ್ಟಿಯಲ್ಲಿ ಎದ್ದು ಮರಿ ನೋಡುವ ಹೆಂಗಸಿನ ಕೂಲಿ ಯಾವ ಲೆಕ್ಕದಲ್ಲೂ ಇಲ್ಲ. ಶೆಡ್ಡಿನ ಸಾಲದ ಬಡ್ಡಿಯೂ ಇಲ್ಲ. ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿ ಗೊಬ್ಬರ ಕೊಟ್ಟು, ಹೊಲದವರಿಂದ ಕಾಳೋ ಹಣವೋ ಪಡೆಯುವ ಅಲೆಮಾರಿ ಕುರಿಗಾಹಿಗಂತೂ ಶೆಡ್ಡೇ ಇಲ್ಲ. ಅವನು ಈ ಕಾರ್ಯಕ್ರಮಕ್ಕೆ ರೈತನೇ ಅಲ್ಲ.

ಹಾಗಂತ ಎಲ್ಲವನ್ನೂ ತಳ್ಳಿಹಾಕುವುದು ನ್ಯಾಯವಲ್ಲ. ಈಟಿವಿಯ ‘ಅನ್ನದಾತ’ ನೋಡಿ ಲಸಿಕೆ ಹಾಕಿಸಿದವರು, ಜಂತಿನ ಔಷಧಿ ಕೊಟ್ಟವರು ಇದ್ದಾರೆ. ಮಾಹಿತಿ ಕೊಡುವಾಗ ಟೀವಿ ಒಳ್ಳೆಯ ಮೇಷ್ಟ್ರು. ರೈತನ ಬದುಕಿನ ಕಥೆ ಹೇಳಲು ಹೊರಟಾಗಲೇ ಅದು ಜಾಹೀರಾತು ಆಗಿಬಿಡುತ್ತದೆ.

ಕನ್ನಡದ ರೈತನಿಗೂ ಹೈದರಾಬಾದಿನ ಟೀವಿಗೂ ಇರುವ ನಂಟು ಹಳೆಯದು, ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಮುಟ್ಟಿತು. ಅದರಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅವರಿಗಾಗಿ ಕನ್ನಡ ಕಾರ್ಯಕ್ರಮ ತಯಾರಾದದ್ದು ಹೈದರಾಬಾದಿನಲ್ಲಿ. 2000ದಲ್ಲಿ ಈಟಿವಿ ಕನ್ನಡ ಶುರುವಾದಾಗಲೂ ಕಾರ್ಯಕ್ರಮ ತಯಾರಾದದ್ದು ಇದೇ ಊರಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಈ ಊರು ಎರಡೆರಡು ಸಲ ಆ ಕಡೆಯ ರೈತನಿಗೆ ಪಾಠ ಹೇಳಿದೆ. ಅದೇ ರೈತ ಕುರಿ ಹೊಡಕೊಂಡು ಇದೇ ಊರಿಗೆ ಬಂದಾಗ ಅವನ ಮಾತು ಕೇಳುವವರು ಇಲ್ಲ.

ಕೇಳದಿದ್ದರೆ ಏನಾಗುತ್ತದೆ? 2017ರ ಜೂನ್‌ನಲ್ಲಿ ತೆಲಂಗಾಣ ಸರ್ಕಾರ ಕುರಿ ಹಂಚುವ ಯೋಜನೆ ತಂದಿತು. ಒಂದು ಯೂನಿಟ್‌ಗೆ 20 ಹೆಣ್ಣು ಕುರಿ, ಒಂದು ಟಗರು, 1.25 ಲಕ್ಷ ರೂಪಾಯಿ, ಅದರಲ್ಲಿ ಶೇ. 75 ಸಬ್ಸಿಡಿ. ಟೀವಿಯಲ್ಲಿ ಹಾರ, ಮಂತ್ರಿ, ಡೋಲು. ಕುರಿ ಸಾಕುವವರಿಗೆ ಮೊದಲ ದಿನವೇ ಗೊತ್ತಿದ್ದ ವಿಷಯ ಒಂದಿತ್ತು: ದೂರದ ರಾಜ್ಯದಿಂದ ಲಾರಿಯಲ್ಲಿ ತಂದ ಕುರಿ, ಹೊಸ ನೀರು, ಹೊಸ ಮೇವು, ಮೇಲೆ ಮಳೆಗಾಲ. ಎಷ್ಟು ಉಳಿಯುತ್ತವೆ ಅಂತ ಹಟ್ಟಿಯ ಯಾವ ಅಜ್ಜಿ ಬೇಕಾದರೂ ಹೇಳುತ್ತಿದ್ದಳು. ಕಾಗದದ ಮೇಲೆ ಮಾತ್ರ ಓಡಾಡಿದ ಕುರಿಗಳ ಕಥೆ ಇನ್ನೊಂದು. 2024ರಲ್ಲಿ ಸದನಕ್ಕೆ ಬಂದ ಸಿಎಜಿ ವರದಿಯಲ್ಲಿ ಕುರಿ ಸಾಗಿಸಿದ ವಾಹನಗಳೆಂದು ಬೈಕು, ಆಟೋ, ಆಂಬುಲೆನ್ಸ್ ನಂಬರುಗಳು ಸಿಕ್ಕವು. ಆಗ ಚಾನೆಲ್‌ಗಳಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಏಳು ವರ್ಷ ಮೊದಲೇ ಕುರಿಗಾಹಿಯ ಮುಂದೆ ಮೈಕು ಹಿಡಿದಿದ್ದರೆ?

ಇನ್ನು ನಮ್ಮ ಮಾತಿಗೆ ಬರೋಣ, ಯಾಕೆಂದರೆ ಬಕ್ರೀದ್ ಸುದ್ದಿಯಲ್ಲಿ ಮೈಕಿನ ಮುಂದೆ ನಿಲ್ಲುವವರು ನಾವೇ. ಕುರ್ಬಾನಿಯ ಜಾನುವಾರಿಗೆ ದೀನ್ ಹಾಕಿದ ಷರತ್ತುಗಳನ್ನು ನೆನಪು ಮಾಡಿಕೊಳ್ಳಿ. ವಯಸ್ಸು ತುಂಬಿರಬೇಕು. ಕುರುಡು ಇರಬಾರದು, ಕುಂಟು ಇರಬಾರದು, ರೋಗ ಇರಬಾರದು, ಎಲುಬು ಕಾಣುವಷ್ಟು ಬಡಕಲು ಇರಬಾರದು. ಬೆಲೆಯ ಷರತ್ತು ಇದರಲ್ಲಿ ಎಲ್ಲಿದೆ? ಇವೆಲ್ಲ ಸಾಕಿದವನ ಕೆಲಸದ ಪ್ರಶ್ನೆಗಳು. ಹಬ್ಬ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ಕುರಿಗೆ ಗಬ್ಬ ಐದು ತಿಂಗಳು, ಮರಿಗೆ ವರ್ಷ ತುಂಬಬೇಕು. ಹಾಗಾಗಿ ಮಂಡಿಗೆ ಟಗರು ತರುವ ಕುರುಬ ನಮ್ಮ ಚಂದ್ರನ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾನೆ. ದಾರಿಯಲ್ಲಿ ಟಗರು ಕುಂಟಿದರೆ ಅವನ ಇಡೀ ವರ್ಷವೇ ಕುಂಟಿತು. ಮೂರನೇ ದಿನ ಸಂಜೆವರೆಗೂ ಉಳಿದದ್ದು ಜಿಯಾಗುಡಕ್ಕೆ ಮಾಂಸದ ರೇಟಿಗೆ ಹೋಗುತ್ತದೆ. ಎರಡು ಸಮುದಾಯಗಳ ನಡುವೆ ಇಷ್ಟು ನಂಬಿಕೆಯ ವ್ಯವಹಾರ ನಡೆಯುತ್ತಿರುವಾಗ ಕ್ಯಾಮೆರಾ ಹುಡುಕುವುದು ಮೈಮೇಲೆ ಮಚ್ಚೆ ಇರುವ ಆಡನ್ನು! ಚಾನೆಲ್‌ಗೆ ಬೈದು ಸುಮ್ಮನಾಗುವಂತಿಲ್ಲ. ಆ ವಿಡಿಯೋ ಫಾರ್ವರ್ಡ್ ಮಾಡುವವರೂ ನಾವೇ.

ಬೇರೆ ರೀತಿ ತೋರಿಸುವುದು ಸಾಧ್ಯವೇ ಎಂದು ಕೇಳಿದರೆ, ಬೀದರಿಗೆ ಹೋಗುವ ದಾರಿಯಲ್ಲೇ ಉತ್ತರ ಇದೆ. ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಹೆಂಗಸರು ತಾವೇ ಕ್ಯಾಮೆರಾ ಹಿಡಿದರು. ಹೆಚ್ಚಿನವರಿಗೆ ಓದು ಬರಹ ಇಲ್ಲ. ಸಂಸ್ಥೆ ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ಹೈದರಾಬಾದ್ ದೂರದರ್ಶನದಲ್ಲಿ ಕೆಲಸ ಮಾಡಿದವರು, ‘ಸೈಟ್’ ಕಂಡವರು, 2023ರಲ್ಲಿ ತೀರಿಕೊಂಡರು. ಆ ಹೆಂಗಸರು ಕ್ಯಾಮೆರಾ ಕೋನಗಳಿಗೆ ತಮ್ಮದೇ ಹೆಸರು ಇಟ್ಟರು. ಮೇಲಿನಿಂದ, ಕೆಳಗಿನಿಂದ ನೋಡುವ ಕೋನಗಳಿಗೆ ಪಟೇಲ ಮತ್ತು ಜೀತದವರ ನಂಟಿನ ಹೆಸರು. ಕಣ್ಣಿಗೆ ಕಣ್ಣು ಸಮನಾಗಿ ಇಡುವುದಕ್ಕೆ ‘ಸಂಘಂ ಶಾಟ್’. ಅವರು ವಾರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಬಗ್ಗೆ ಮಾಡಿದ ಚಿತ್ರದಲ್ಲಿ ನಷ್ಟವೇ ವಿಷಯ, ಯಾರೂ ಅದನ್ನು ಕತ್ತರಿಸಿ ತೆಗೆದಿಲ್ಲ. ಟೀವಿಯ ಪಶುಪಾಲನೆ ಕಾರ್ಯಕ್ರಮಗಳಲ್ಲಿ ನಾನು ಹುಡುಕುವುದು ಆ ಎತ್ತರದ ಕ್ಯಾಮೆರಾವನ್ನು. ಸಿಗುವುದು ಅಪರೂಪ.

ಈಗ ಬಕ್ರೀದ್ ಬೇಸಿಗೆಯಲ್ಲಿ ಬೀಳುತ್ತಿದೆ. ಯಾದಗಿರಿಯಿಂದ ಇಲ್ಲಿಯವರೆಗೆ ಲಾರಿಯಲ್ಲಿ ನಿಂತೇ ಬರುವ ಕುರಿಗೆ ನೀರು ಎಲ್ಲಿ ಕುಡಿಸುತ್ತಾರೆ, ಎಷ್ಟು ಸಾಯುತ್ತವೆ, ಸತ್ತರೆ ನಷ್ಟ ಸಾಕಿದವನದೋ ಬೇಪಾರಿಯದೋ? ಇಷ್ಟನ್ನು ಕೇಳಿದ ಒಂದು ವರದಿ ನೀವು ನೋಡಿದ್ದರೆ ದಯವಿಟ್ಟು ನನಗೂ ಕಳಿಸಿ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಬೇಕು.