ಹಬ್ಬುವ ಅವಸರ

ಬೆಂಗಳೂರಿನ ಯಾವ ನರ್ಸರಿಗೆ ಹೋದರೂ ಬಳ್ಳಿ ಕೊಳ್ಳಲು ಬಂದವರ ಮೊದಲ ಪ್ರಶ್ನೆ ‘ಬೇಗ ಹಬ್ಬುತ್ತಾ?’ ಎಂಬುದೇ. ಎದುರು ಮನೆಯ ಕಿಟಕಿ ಮರೆಯಾಗಬೇಕು, ಅದೂ ಒಂದೇ ಮಳೆಗಾಲದಲ್ಲಿ. ಈ ಅವಸರಕ್ಕೆ ಊರಿಗೆ ಊರೇ ಕಂಡುಕೊಂಡ ಉತ್ತರ ಕರ್ಟನ್ ಕ್ರೀಪರ್. ಬಾಲ್ಕನಿ, ಕಾಂಪೌಂಡು, ಹೋಟೆಲಿನ ಮುಂಭಾಗ, ಎಲ್ಲೆಲ್ಲೂ ಅದೇ ಇಳಿಬಿದ್ದ ಹಸಿರು. ಬಿಸಿಲಿಗೆ ಜಗ್ಗದು ನಿಜ. ಆದರೆ ಅದರ ಹೂ ಇದ್ದೂ ಇಲ್ಲದಂತೆ. ಸವರದೆ ಬಿಟ್ಟರೆ ಮೇಲಷ್ಟೇ ಹಸಿರು, ಒಳಗೆಲ್ಲ ಒಣಕಡ್ಡಿ. ಅದು ಪರದೆಯಾದೀತು, ತೋಟವಾಗದು.

ರಂಗೂನ್ ಕ್ರೀಪರ್ ವೇಗದಲ್ಲಿ ಅದಕ್ಕೆ ಸರಿಸಾಟಿ, ಚೆಲುವಿನಲ್ಲಿ ಬಹಳ ಮುಂದೆ. ಮುಸ್ಸಂಜೆಗೆ ಬೆಳ್ಳಗೆ ಅರಳಿದ ಹೂ ಮರುದಿನ ಗುಲಾಬಿ, ಆಮೇಲೆ ಕಡುಕೆಂಪು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ. ಆ ಬಿಳುಪು, ಪರಿಮಳ ರಾತ್ರಿಯ ಪತಂಗಗಳನ್ನು ಕರೆಯುವ ಉಪಾಯ. ತೊಡಕಿರುವುದು ಭಾರದಲ್ಲಿ. ನಾಲ್ಕಾರು ವರ್ಷಕ್ಕೆ ಕಾಂಡ ಮರದಂತೆ ಗಟ್ಟಿಯಾಗಿ, ಬಿದಿರಿನ ಚಪ್ಪರ ನೆಲ ಕಚ್ಚುತ್ತದೆ. ಎಷ್ಟು ಬೇಗ ಹಬ್ಬುತ್ತದೆ ಎಂದು ಕೇಳುವವರು ಯಾವುದರ ಮೇಲೆ ಹಬ್ಬುತ್ತದೆ ಎಂದು ಕೇಳುವುದೇ ಇಲ್ಲ.

ನೀಲಿ ಹೂವಿನ ತನ್‌ಬರ್ಜಿಯಾ ಗ್ರಾಂಡಿಫ್ಲೋರಾವನ್ನು ಚಿಕ್ಕ ಹಿತ್ತಲಿಗೆ ನಾನಂತೂ ಹೇಳಲಾರೆ. ಬುಡ ಕಡಿದರೂ ನೆಲದಡಿಯ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ಕಾಡಿನ ಮರಗಳನ್ನೇ ಮುಚ್ಚುವ ಕಳೆ.

ಅದೇ ಕುಲದ ತನ್‌ಬರ್ಜಿಯಾ ಮೈಸೂರೆನ್ಸಿಸ್ ನಮ್ಮ ಪಶ್ಚಿಮಘಟ್ಟದ್ದು. ಮೈಸೂರಿನ ಹೆಸರು ಹೊತ್ತ ಈ ಬಳ್ಳಿಯನ್ನು ಬ್ರಿಟನ್ನಿನವರು ಗಾಜಿನ ಮನೆಯಲ್ಲಿ ಜೋಪಾನ ಮಾಡುತ್ತಾರೆ. ನಮ್ಮವರಲ್ಲಿ ಎಷ್ಟೋ ಜನ ಕಂಡೇ ಇಲ್ಲ. ಹಳದಿ, ಕಂದುಗೆಂಪು ಬೆರೆತ ಹೂಗಳ ಜಡೆಗಳು ಚಪ್ಪರದಿಂದ ಉದ್ದಕ್ಕೆ ತೂಗುತ್ತವೆ. ಸೂರಕ್ಕಿಗಳು ಆ ಜಡೆಗೇ ಜೋತುಬಿದ್ದು ಮಕರಂದ ಹೀರುತ್ತವೆ. ಇದನ್ನು ಗೋಡೆಗೆ ಹಬ್ಬಿಸುವುದು ದಂಡ: ಜಡೆ ಇಳಿಬೀಳಲು ಕೆಳಗೆ ಬಯಲು ಬೇಕು, ತಲೆಗಿಂತ ಎತ್ತರದ ಕಬ್ಬಿಣದ ಚಪ್ಪರ ಬೇಕು, ಬುಡ ಒಣಗದಂತೆ ನೀರು ಬೇಕು. ಇಷ್ಟು ಒದಗಿಸಬಲ್ಲವರಿಗೆ ನನ್ನ ಮೊದಲ ಆಯ್ಕೆ ಇದೇ.

ಜಾಗ ಸಾಲದವರು ಕುಂಡದಲ್ಲಿ ಶಂಖಪುಷ್ಪದ ಬೀಜ ಹಾಕಲಿ. ಕೆಲವೇ ವಾರಗಳಲ್ಲಿ ಜಾಲರಿ ತುಂಬುತ್ತದೆ, ಬೇಸರವಾದರೆ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಹೂವೇ ಬೇಕೆಂಬ ಹಟವಿಲ್ಲದಿದ್ದರೆ ಬಸಳೆ ಇನ್ನೂ ವಾಸಿ. ಮರೆಯೂ ಆಯಿತು, ಹುಳಿಗೂ ಆಯಿತು.